ನಾಲಿಗೆಗೆ ಗೊತ್ತಾಗದ ಸುಳ್ಳು

ಒಂದು ಬಾಟಲಿ ವಿಸ್ಕಿ ತಗೊಂಡಿದ್ದೀರಿ ಅಂದ್ಕೊಳ್ಳಿ. ಕುಡಿದ್ರಿ, ಇಷ್ಟ ಆಯ್ತು. ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನಿಸ್ತು. ಒಂದೆರಡು ವರ್ಷ ಆದ್ಮೇಲೆ ಪೇಪರಲ್ಲಿ ಸುದ್ದಿ ಬರುತ್ತೆ: ಆ ಬಾಟಲಿಯ ಲೇಬಲ್ ಮೇಲಿದ್ದ ಕಥೆ ನಿಜ ಅಲ್ಲ. ಒಳಗಿದ್ದದ್ದು ಒಳ್ಳೆ ವಿಸ್ಕಿಯೇ. ಕಲಬೆರಕೆ ಇಲ್ಲ, ಆರೋಗ್ಯಕ್ಕೆ ತೊಂದರೆ ಇಲ್ಲ. ಕಥೆ ಮಾತ್ರ ಸುಳ್ಳು. ಈಗ ಹೇಳಿ, ನಿಮಗೆ ಮೋಸ ಆಯ್ತಾ, ಇಲ್ವಾ?

ಇದು ಕಟ್ಟಿದ ಉದಾಹರಣೆ ಅಲ್ಲ, ನಡೆದದ್ದು. ಅಮೆರಿಕದ ಅಯೋವಾ ರಾಜ್ಯದಲ್ಲಿ ಟೆಂಪಲ್ಟನ್ ಅಂತ ಒಂದು ಪುಟ್ಟ ಊರಿದೆ. 1920ರಿಂದ 1933ರವರೆಗೆ ದೇಶದಲ್ಲಿ ಪಾನನಿಷೇಧ ಇದ್ದಾಗ ಅಲ್ಲಿಯ ರೈತರು ಕದ್ದುಮುಚ್ಚಿ ರೈ ವಿಸ್ಕಿ ಇಳಿಸ್ತಿದ್ರು, ಶಿಕಾಗೋದ ಡಾನ್ ಅಲ್ ಕಪೋನ್‌ಗೆ ಅದೇ ಬೇಕಿತ್ತು ಅಂತ ದಂತಕಥೆ. ಆ ಊರಿನ ಹೆಸರು ಹೊತ್ತು ಬಂದ ಟೆಂಪಲ್ಟನ್ ರೈ ಅನ್ನೋ ಬ್ರ್ಯಾಂಡಿನ ಲೇಬಲ್ ಮೇಲೆ ‘ಪಾನನಿಷೇಧ ಕಾಲದ ರೆಸಿಪಿ’ ಅಂತ ಬರೆದಿತ್ತು. ಆದರೆ ಒಳಗಿದ್ದ ವಿಸ್ಕಿ ಇಳಿಸಿದ್ದು ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನಲ್ಲಿರೋ ಎಂಜಿಪಿ ಅನ್ನೋ ದೊಡ್ಡ ಡಿಸ್ಟಿಲರಿಯಲ್ಲಿ. ಅದು ಎಷ್ಟೋ ಬ್ರ್ಯಾಂಡ್‌ಗಳಿಗೆ ರೈ ಮಾಡಿಕೊಡೋ ಜಾಗ. ಗ್ರಾಹಕರು ಕೋರ್ಟಿಗೆ ಹೋದರು. 2015ರಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ಲೇಬಲ್‌ನಿಂದ ಆ ಮಾತು ತೆಗೆಯೋದು, ಇಂಡಿಯಾನಾದಲ್ಲಿ ತಯಾರಾದದ್ದು ಅಂತ ಸೇರಿಸೋದು, ಕೊಂಡವರಿಗೆ ಬಾಟಲಿಗೆ ಒಂದಿಷ್ಟು ಡಾಲರ್ ವಾಪಸ್ ಕೊಡೋದು ಅಂತ ಒಪ್ಪಂದ ಆಯ್ತು. ಆಮೇಲೆ ಅವರು ಟೆಂಪಲ್ಟನ್‌ನಲ್ಲೇ ಸ್ವಂತ ಡಿಸ್ಟಿಲರಿಯನ್ನೂ ಕಟ್ಟಿದರು.

ಈ ಕಥೆ ಹೇಳಿದಾಗ ನನ್ನ ಹಾಸನದ ಗೆಳೆಯ ಕೇಳಿದ್ದು ಒಂದೇ ಮಾತು. “ಮಗಾ, ಕುಡಿದೋರಿಗೆ ಇಷ್ಟ ಆಗಿತ್ತಲ್ವಾ? ಮತ್ತೇನು ಪ್ರಾಬ್ಲಂ?”

ಈ ಪ್ರಶ್ನೆಯನ್ನ ನಗಾಡಿ ಬಿಟ್ಟುಬಿಡೋಕೆ ನನಗೆ ಆಗಲಿಲ್ಲ. ಉತ್ತರ ಹುಡುಕೋಕೆ ಮೊದಲು, ನಮ್ಮ ನಾಲಿಗೆಗೆ ಅಸಲಿಗೆ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ ಅಂತ ನೋಡಬೇಕು. ಅದನ್ನ ನೋಡೋಕೆ ದುಬಾರಿ ಬಾಟಲಿ ಬೇಕಿಲ್ಲ. ಅಗ್ಗದ ಬಾಟಲಿಗಳೇ ವಾಸಿ, ಯಾಕಂದ್ರೆ ಅವುಗಳ ಬೆಲೆ ನಮ್ಮನ್ನ ಹೆದರಿಸಲ್ಲ.

ನಾನಿರೋದು ಒಹಾಯೋದ ಕೊಲಂಬಸ್‌ನಲ್ಲಿ. ಈ ರಾಜ್ಯದಲ್ಲಿ ಹಾಟ್ ಡ್ರಿಂಕ್ಸ್ ಬೆಲೆ ಸರ್ಕಾರವೇ ನಿಗದಿ ಮಾಡೋದ್ರಿಂದ ಅಂಗಡಿ ಅಂಗಡಿ ಸುತ್ತಿ ಚೌಕಾಸಿ ಮಾಡೋ ಕಷ್ಟ ಇಲ್ಲ. ಮೂವತ್ತು ಡಾಲರ್ ಆಸುಪಾಸಿನ ಒಳಗೇ ನಾಲ್ಕು ಬಾಟಲಿ ಆರಿಸಿದೆ. ಆರಿಸಿದ್ದು ರೈ ಅನ್ನೋ ಧಾನ್ಯದ ಪ್ರಮಾಣ ನೋಡಿ. ರೈ ಅಂದ್ರೆ ಗೋಧಿ, ಬಾರ್ಲಿಯ ದಾಯಾದಿ. ಚಳಿ ದೇಶದ ಬೆಳೆ, ಹಾಗಾಗಿ ನಮ್ಮಲ್ಲಿ ಅದಕ್ಕೆ ಹೆಸರೇ ಇಲ್ಲ. ಬರ್ಬನ್ ಅಂತ ಕರೀಬೇಕಾದ್ರೆ ಅಮೆರಿಕದ ಕಾನೂನಿನ ಪ್ರಕಾರ ಧಾನ್ಯದಲ್ಲಿ ಕನಿಷ್ಠ ಶೇ. 51 ಮುಸುಕಿನ ಜೋಳ ಇರಬೇಕು. ರೈ ವಿಸ್ಕಿ ಅನ್ನಬೇಕಾದ್ರೆ ಕನಿಷ್ಠ ಶೇ. 51 ರೈ. ಎರಡನ್ನೂ ಒಳಗೆ ಸುಟ್ಟು ಕರಕಲು ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು, ಹಳೇ ಪೀಪಾಯಿ ನಡೆಯಲ್ಲ.

ನನ್ನ ಸಾಲು ಹೀಗಿತ್ತು. ಮೊದಲನೇದು ಇವಾನ್ ವಿಲಿಯಮ್ಸ್ ಬಿಳಿ ಲೇಬಲ್, ಬರ್ಬನ್, ರೈ ಶೇ. 10 ಅಷ್ಟೇ. ಎರಡನೇದು ಓಲ್ಡ್ ಗ್ರ್ಯಾಂಡ್-ಡ್ಯಾಡ್ ಬಾಂಡೆಡ್, ಇದೂ ಬರ್ಬನ್ನೇ, ಆದರೆ ರೈ ಶೇ. 27. ಮೂರನೇದು ರಿಟನ್‌ಹೌಸ್ ರೈ, ಕಾನೂನಿನ ಗೆರೆಯನ್ನ ಹೆಚ್ಚುಕಮ್ಮಿ ಮುಟ್ಟಿ ನಿಂತಿರೋದು. ನಾಲ್ಕನೇದು ಬುಲೆಟ್ ರೈ, ಶೇ. 95 ರೈ, ಅದೇ ಲಾರೆನ್ಸ್‌ಬರ್ಗ್‌ನಿಂದ ಬಂದ ಮಾಲು. ಕ್ಯಾಲ್ಗರಿಯಿಂದ ಬಂದಿದ್ದ ಉಡುಪಿಯ ಗೆಳೆಯ ಐದನೇದು ತಂದಿದ್ದ, ಕೆನೇಡಿಯನ್ ಕ್ಲಬ್. ಹಾಸನದವನು ತನ್ನ ಕಡೆಯಿಂದ ನೂರು ಡಾಲರ್ ಹತ್ತಿರದ ಒಂದು ಬರ್ಬನ್ ತಂದಿದ್ದ. ಅದರ ಹೆಸರು ಬೇಡ ಬಿಡಿ.

ಇವುಗಳಲ್ಲಿ ಕೆಲವು ಶೇ. 50 ಆಲ್ಕೋಹಾಲ್, ಬುಲೆಟ್ 45, ಕೆನಡಾದ್ದು 40. ಹಾಗೇ ಕುಡಿದ್ರೆ ರುಚಿ ಅಲ್ಲ, ಗಂಟಲ ಉರಿಯೇ ಗುರುತು ಹೇಳಿಬಿಡುತ್ತೆ. ಅದಕ್ಕೆ ಎಲ್ಲವನ್ನೂ ನೀರು ಬೆರೆಸಿ 40ಕ್ಕೆ ತಂದ್ವಿ. ಲೆಕ್ಕ ಸುಲಭ: ಶೇ. 50 ಇರೋ 30 ಎಂಎಲ್‌ಗೆ ಏಳೂವರೆ ಎಂಎಲ್ ನೀರು. ಔಷಧಿ ಕುಡಿಸೋ ಸಿರಿಂಜ್ ಇದ್ರೆ ಸಾಕು. ಆಮೇಲೆ ಮೂರು ಗ್ಲಾಸಿನ ಆಟ. ಎರಡರಲ್ಲಿ ಒಂದೇ ವಿಸ್ಕಿ, ಮೂರನೇದರಲ್ಲಿ ಬೇರೆ. ಯಾವುದು ಬೇರೆ ಅಂತ ಹೇಳಬೇಕು. ಸುಮ್ಮನೆ ಊಹಿಸಿದ್ರೂ ಮೂರಕ್ಕೊಂದು ಸಲ ಸರಿ ಬರುತ್ತೆ, ಹಾಗಾಗಿ ಒಂದೆರಡು ಸಲ ಸರಿ ಹೇಳಿದವನು ಕಾಲರ್ ಎತ್ತೋ ಹಾಗಿಲ್ಲ. ಸುರಿಯೋನು ಒಬ್ಬ, ಕುಡಿಯೋರು ಬೇರೆ. ಗುಟುಕಿಗಿಂತ ಜಾಸ್ತಿ ಇಲ್ಲ, ಮಧ್ಯೆ ನೀರು, ಮಂಡಕ್ಕಿ. ಇಲ್ಲಾಂದ್ರೆ ಅರ್ಧ ಗಂಟೆಯಲ್ಲಿ ಪರೀಕ್ಷೆ ಹೋಗಿ ಪಾರ್ಟಿ ಆಗಿಬಿಡುತ್ತೆ.

ನಾಲಿಗೆ ಏನೂ ದಡ್ಡ ಅಲ್ಲ ಅಂತ ಮೊದಲು ಗೊತ್ತಾಗಿದ್ದು. ಇವಾನ್ ವಿಲಿಯಮ್ಸ್ ಪಕ್ಕದಲ್ಲಿ ರಿಟನ್‌ಹೌಸ್ ಇಟ್ಟಾಗ ಹೆಚ್ಚುಕಮ್ಮಿ ಪ್ರತಿ ಸಲವೂ ಎಲ್ಲರೂ ಸರಿಯಾಗಿ ಹಿಡಿದರು. ಎರಡೂ ಕೆಂಟಕಿಯ ಹೆವನ್ ಹಿಲ್ ಅನ್ನೋ ಒಂದೇ ಮನೆಯ ಕೂಸುಗಳು. ಎರಡಕ್ಕೂ ಕನಿಷ್ಠ ನಾಲ್ಕು ವರ್ಷ, ಎರಡೂ ಶೇ. 50. ಹಾಗಾಗಿ ಗ್ಲಾಸಲ್ಲಿ ಕಾಣೋ ವ್ಯತ್ಯಾಸದಲ್ಲಿ ಬಹುಪಾಲು ಧಾನ್ಯದ್ದೇ. ಬರ್ಬನ್‌ನಲ್ಲಿ ಕೆಂಡದಲ್ಲಿ ಸುಟ್ಟ ಜೋಳದ ಸಿಹಿ, ವೆನಿಲಾ, ಕೊಪ್ಪರಿಗೆ ತಳ ಹಿಡಿದ ಬೆಲ್ಲದ ಪಾಕ. ರೈನಲ್ಲಿ ಆ ಸಿಹಿ ಹಿಂದೆ ಸರಿದು ಲವಂಗ, ಕರಿಮೆಣಸು, ಕಿತ್ತಳೆ ಸಿಪ್ಪೆ ಮುಂದೆ ಬರುತ್ತೆ. ಓಲ್ಡ್ ಗ್ರ್ಯಾಂಡ್-ಡ್ಯಾಡ್ ಎರಡರ ನಡುವೆ, ಹುರಿದ ಕಡಲೆಬೀಜದ ವಾಸನೆ ಹಿಡ್ಕೊಂಡು ನಿಂತಿತ್ತು. ಶೇ. 95ರ ಬುಲೆಟ್‌ಗೆ ಮೂಗು ಇಟ್ಟ ರಾಯಚೂರಿನವನು ಒಂದೇ ಏಟಿಗೆ “ಸಬ್ಬಸಿಗೆ ಸೊಪ್ಪು!” ಅಂದ. ಸರಿಯಾಗೇ ಹೇಳಿದ. ಇಂಗ್ಲಿಷ್ ರಿವ್ಯೂಗಳಲ್ಲೂ ಈ ಇಂಡಿಯಾನಾ ರೈಗೆ ‘ಡಿಲ್’ ಅಂತಲೇ ಬರೆಯೋದು. ಅದು ನಮ್ಮ ಸಬ್ಬಸಿಗೆಯೇ.

ಕೆನೇಡಿಯನ್ ಕ್ಲಬ್ ಬೇರೆ ಪಾಠ ಹೇಳ್ತು. ಕೆನಡಾದಲ್ಲಿ ಬಾರಿಗೆ ಹೋಗಿ ‘ರೈ’ ಅಂದ್ರೆ ಈ ಥರದ್ದನ್ನೇ ಕೊಡ್ತಾರೆ. ಆದರೆ ಇದರಲ್ಲಿ ಬಹುಪಾಲು ಮುಸುಕಿನ ಜೋಳ. ಅಲ್ಲಿಯ ಕಾನೂನಿಗೆ ಕೆನೇಡಿಯನ್ ವಿಸ್ಕಿ, ಕೆನೇಡಿಯನ್ ರೈ ವಿಸ್ಕಿ ಎರಡೂ ಒಂದೇ. ಮರದ ಪೀಪಾಯಿಯಲ್ಲಿ ಮೂರು ವರ್ಷ ಇರಬೇಕು, ಆದರೆ ರೈ ಇಷ್ಟೇ ಇರಬೇಕು ಅನ್ನೋ ಲೆಕ್ಕ ಇಲ್ಲ. ಬಣ್ಣಕ್ಕೆ ಕ್ಯಾರಮೆಲ್ ಸೇರಿಸಬಹುದು. ಬರ್ಬನ್‌ಗೆ ಅದು ನಿಷಿದ್ಧ, ಅದರ ಬಣ್ಣ ಪೂರ್ತಿ ಪೀಪಾಯಿದ್ದೇ. ಹಾಗಂತ ಕೆನಡಾದವರು ಸುಳ್ಳು ಹೇಳ್ತಿದ್ದಾರಾ? ಇಲ್ಲ. ಅವರಲ್ಲಿ ಆ ಪದಕ್ಕೆ ತಲೆಮಾರುಗಳಿಂದ ಆ ಅರ್ಥ ಇದೆ. ಹೇಳೋನಿಗೂ ಕೇಳೋನಿಗೂ ಅದು ಗೊತ್ತು. ಇಬ್ಬರಿಗೂ ಒಂದೇ ಅರ್ಥ ಇರೋ ಕಡೆ ಮೋಸ ಹುಟ್ಟೋದಿಲ್ಲ.

ಇನ್ನು ನೂರು ಡಾಲರಿನ ಬಾಟಲಿ. ಅದನ್ನ ಇವಾನ್ ವಿಲಿಯಮ್ಸ್ ಜೊತೆ ಇಟ್ಟಾಗ ನಮ್ಮ ಉತ್ತರಗಳು ಊಹೆಯ ಮಟ್ಟಕ್ಕೇ ಇಳಿದವು. ಅದು ಕೆಟ್ಟ ವಿಸ್ಕಿ ಅಂತಲ್ಲ, ತುಂಬಾ ಚೆನ್ನಾಗಿತ್ತು. ಆದರೆ ನಾಲ್ಕು ಪಟ್ಟು ಚೆನ್ನಾಗಿರೋದು ಹೇಗಿರುತ್ತೆ ಅಂತ ನಾಲಿಗೆಗೆ ಗೊತ್ತಾಗ್ಲಿಲ್ಲ. ಲೇಬಲ್ ತೋರಿಸಿದ ಮೇಲೆ ಎಲ್ಲರಿಗೂ ಅದೇ ಜಾಸ್ತಿ ಇಷ್ಟ ಆಯ್ತು.

ಹಾಸನದವನಿಗೆ ಇದೇ ಬೇಕಾಗಿತ್ತು. “ನೋಡಿದ್ರಾ? ಧಾನ್ಯ ಗೊತ್ತಾಗುತ್ತೆ. ಊರು, ಕಥೆ, ವಯಸ್ಸು ಯಾವುದೂ ಗೊತ್ತಾಗಲ್ಲ. ಗೊತ್ತೇ ಆಗದ ವಿಷಯದಲ್ಲಿ ಸುಳ್ಳು ಹೇಳಿದ್ರೆ ಯಾರ ಗಂಟು ಹೋಯ್ತು? ಕಥೆ ಕೇಳಿ ಖುಷಿ ಜಾಸ್ತಿ ಆಯ್ತು ಅಂದ್ರೆ ಅದು ಫ್ರೀ ಬೋನಸ್!”

ವಾದ ಗಟ್ಟಿಯಾಗಿದೆ, ಒಪ್ಕೊಳ್ಳಲೇಬೇಕು. ಇದಕ್ಕೆ ಮೊದಲು ಹೊಳೆಯೋ ಎರಡು ಉತ್ತರಗಳು ನಿಲ್ಲೋದಿಲ್ಲ. ನಿಜ ಗೊತ್ತಾದ್ರೆ ರುಚಿ ಕೆಡುತ್ತೆ ಅನ್ನೋದು ಮೊದಲನೇದು. ಹಾಗಾದ್ರೆ ತಪ್ಪು ಸುಳ್ಳು ಹೇಳಿದವನದಲ್ಲ, ನಿಜ ಬರೆದ ಪತ್ರಕರ್ತನದು ಅಂದಂಗಾಯ್ತು. ದುಡ್ಡು ಜಾಸ್ತಿ ಕೊಟ್ವಿ ಅನ್ನೋದು ಎರಡನೇದು. ಅದು ಕೆಲವು ಸಲ ನಿಜ, ಎಲ್ಲಾ ಸಲ ಅಲ್ಲ. ಬೆಲೆ ಸರಿಯಾಗೇ ಇದ್ದು, ರುಚಿಯೂ ಸರಿಯಾಗೇ ಇದ್ದು, ಮಾತು ಮಾತ್ರ ಸುಳ್ಳಾಗಿದ್ರೆ? ಆಗಲೂ ಅದು ತಪ್ಪು ಅಂತ ನನಗೆ ಅನ್ನಿಸುತ್ತೆ. ಯಾಕೆ ಅನ್ನೋದನ್ನ ಬಿಡಿಸಿ ಹೇಳೋಕೆ ಬಾಟಲಿ ಬಿಟ್ಟು ಸ್ವಲ್ಪ ದೂರ ಹೋಗಬೇಕು.

ನನ್ನೂರು ಮಂಡ್ಯದ ಕಡೆ. ಕಬ್ಬು, ಆಲೆಮನೆ, ಬೆಲ್ಲ. ಪಾಕಕ್ಕೆ ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕಿದ್ರೆ ಬೆಲ್ಲ ಹಳದಿಗೆ ತಿರುಗಿ ಫಳಫಳ ಹೊಳೆಯುತ್ತೆ, ಹಾಕದಿದ್ರೆ ಕಪ್ಪಗೆ, ಮಂಕಾಗಿರುತ್ತೆ. ಪಾಯಸಕ್ಕೆ ಹಾಕಿ ತಿಂದೋರಲ್ಲಿ ಎಷ್ಟು ಜನಕ್ಕೆ ವ್ಯತ್ಯಾಸ ತಿಳಿಯುತ್ತೆ? ಆದ್ರೂ ಮಾರ್ಕೆಟ್‌ನಲ್ಲಿ ಕಣ್ಣು ಓಡೋದು ಹಳದಿ ಕಡೆಗೇ. ಹೈಡ್ರೋಸ್ ಹಾಕದೆ ಬೇಯಿಸಿದವನು ಕಪ್ಪು ಅಚ್ಚು ಮುಂದಿಟ್ಕೊಂಡು ಸಂಜೆತನಕ ಕೂತಿರ್ತಾನೆ. ಇಲ್ಲಿ ನಷ್ಟ ತಿಂದವನಿಗಿಂತ ಮೊದಲು ಆಗಿದ್ದು ಇವನಿಗೆ.

ಆ ಕಬ್ಬಿನದೇ ಇನ್ನೊಂದು ಕಥೆ. ನಮ್ಮ ದೇಶದಲ್ಲಿ ವಿಸ್ಕಿ ಅಂತ ಮಾರೋದ್ರಲ್ಲಿ ದೊಡ್ಡ ಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್. ಧಾನ್ಯದ್ದಲ್ಲದ ಇದನ್ನ ಯುರೋಪಿನ ಕಾನೂನು ವಿಸ್ಕಿ ಅನ್ನೋದೇ ಇಲ್ಲ. ಅಮೆರಿಕದಲ್ಲೂ ‘ವಿಸ್ಕಿ ಅಂದ್ರೆ ಏನು?’ ಅನ್ನೋ ಜಗಳ ಎಷ್ಟು ಜೋರಾಯ್ತು ಅಂದ್ರೆ, 1909ರಲ್ಲಿ ಅಧ್ಯಕ್ಷ ವಿಲಿಯಂ ಹೊವಾರ್ಡ್ ಟ್ಯಾಫ್ಟ್ ಅವರೇ ಕೂತು ತೀರ್ಪು ಕೊಡಬೇಕಾಯ್ತು. ಧಾನ್ಯದ ಸ್ಪಿರಿಟ್ ಬೆರೆಸಿದ್ದನ್ನೂ ವಿಸ್ಕಿ ಅನ್ನಬಹುದು, ಆದರೆ ಅದು ಬೆರಕೆಯದೋ, ಪೀಪಾಯಿಯಿಂದ ನೇರ ಬಂದದ್ದೋ ಅಂತ ಬಿಡಿಸಿ ಬರೀಬೇಕು ಅನ್ನೋದು ತೀರ್ಪಿನ ತಿರುಳು. ಮಾರಬೇಡ ಅಂತ ಯಾರಿಗೂ ಹೇಳಲಿಲ್ಲ. ಏನು ಮಾರ್ತಿದ್ದೀಯ ಹೇಳು ಅಂದರು, ಅಷ್ಟೇ.

ಅದಕ್ಕೂ ಮೊದಲು, 1897ರಲ್ಲಿ, ‘ಬಾಟಲ್ಡ್ ಇನ್ ಬಾಂಡ್’ ಅನ್ನೋ ಕಾನೂನು ಬಂದಿತ್ತು. ಆಗ ಖಾಲಿ ಸ್ಪಿರಿಟ್‌ಗೆ ಬಣ್ಣ, ಹಣ್ಣಿನ ರಸ, ಇನ್ನೇನೇನೋ ಸುರಿದು ಹಳೇ ವಿಸ್ಕಿ ಅಂತ ಮಾರೋದು ಮಾಮೂಲಾಗಿತ್ತು. ಕಾನೂನು ನಾಲ್ಕು ಮಾತು ಕೇಳ್ತು. ಒಂದೇ ಡಿಸ್ಟಿಲರಿಯದ್ದಾಗಿರಬೇಕು. ಒಂದೇ ಹಂಗಾಮಿನದ್ದಾಗಿರಬೇಕು. ಸರ್ಕಾರದ ನಿಗಾ ಇರೋ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ ಇರಬೇಕು. ಶೇ. 50 ಆಲ್ಕೋಹಾಲ್ ಇರಬೇಕು. ಎಲ್ಲಿ ಇಳಿಸಿದ್ದು ಅನ್ನೋದು ಲೇಬಲ್ ಮೇಲೆ ಇರಲೇಬೇಕು. ನನ್ನ ನಾಲ್ಕು ಬಾಟಲಿಗಳಲ್ಲಿ ಮೂರು ಈ ಜಾತಿಯವೇ. ಅಂದ್ರೆ ಸಾಮಾನ್ಯ ದುಡ್ಡಿಗೆ ಸಿಗೋ ಬಾಟಲಿ ಮೇಲೆ, ನೂರು ಡಾಲರಿನ ಎಷ್ಟೋ ಬಾಟಲಿ ಮೇಲೆ ಇರೋದಕ್ಕಿಂತ ಗಟ್ಟಿ ಮಾತು ಬರೆದಿರುತ್ತೆ. ಕುದುರೆ ಚಿತ್ರ ಇರಲ್ಲ, ಮುತ್ತಜ್ಜನ ಕಥೆಯೂ ಕಮ್ಮಿ. ಡಿಸ್ಟಿಲರಿಯ ಸರ್ಕಾರಿ ನಂಬರ್ ಇರುತ್ತೆ.

ಈ ನಾಲ್ಕು ಮಾತುಗಳಲ್ಲಿ ನಾಲಿಗೆ ತಾನಾಗಿ ಪರೀಕ್ಷೆ ಮಾಡಬಹುದಾದ್ದು ಎಷ್ಟು? ಉರಿ ನೋಡಿ ಆಲ್ಕೋಹಾಲ್ ಅಂದಾಜು ಮಾಡಬಹುದು. ಉಳಿದ ಮೂರೂ ಗೊತ್ತಾಗಲ್ಲ. ಕಾನೂನು ಹುಟ್ಟಿದ್ದೇ ಅದಕ್ಕೆ. ಕುಡಿಯೋನಿಗೆ ತಾನೇ ಗೊತ್ತು ಮಾಡ್ಕೊಳ್ಳೋಕೆ ಆಗೋದ್ರ ಬಗ್ಗೆ ಯಾರೂ ಮಾತು ಕೊಡಬೇಕಿಲ್ಲ. ಉಪ್ಪು ಜಾಸ್ತಿ ಆಗಿಲ್ಲ ಅಂತ ಸಾರಿನ ಮೇಲೆ ಲೇಬಲ್ ಅಂಟಿಸ್ತೀವಾ? ಮಾತು ಬೇಕಾಗೋದು ನಾಲಿಗೆ ಸೋಲೋ ಜಾಗದಲ್ಲೇ.

ಇದರ ಭೀಕರ ತುದಿ ನೋಡಬೇಕು ಅಂದ್ರೆ ಬೆಂಗಳೂರಿನ 1981ರ ಕಳ್ಳಭಟ್ಟಿ ದುರಂತ ನೆನಪಿಸಿಕೊಳ್ಳಿ. ಮೀಥೈಲ್ ಆಲ್ಕೋಹಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು, ಬಹುತೇಕರು ಬಡವರು. ಮೀಥೈಲ್‌ಗೂ ನಾವು ಕುಡಿಯೋ ಈಥೈಲ್‌ಗೂ ವ್ಯತ್ಯಾಸ ಬಾಯಿಗೆ ಹಾಕ್ಕೊಂಡ ಕೂಡ್ಲೇ ಹೊಳೆಯೋಂಥದ್ದಲ್ಲ. ಅವತ್ತು ಕುಡಿದವರ ನಾಲಿಗೆಯೂ ‘ಎಲ್ಲಾ ಸರಿ ಇದೆ’ ಅಂತಲೇ ಹೇಳಿರುತ್ತೆ. ಟೆಂಪಲ್ಟನ್‌ನ ಕಥೆಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ನಾನು ಇಡ್ತಿಲ್ಲ. ಒಂದು ಕಡೆ ಜೀವ, ಇನ್ನೊಂದು ಕಡೆ ನಾಲ್ಕು ಡಾಲರ್. ಆದರೆ ‘ನಾಲಿಗೆಗೆ ಗೊತ್ತಾಗದಿದ್ರೆ ಪರವಾಗಿಲ್ಲ’ ಅನ್ನೋದನ್ನ ಒಂದು ನಿಯಮ ಮಾಡಿಕೊಂಡ್ರೆ ಆ ನಿಯಮಕ್ಕೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರಲ್ಲ.

ಇದನ್ನೆಲ್ಲ ಹೇಳಿದ ಮೇಲೂ ಹಾಸನದವನು ಬಿಡಲಿಲ್ಲ. “ಜೀವದ ಮಾತು ಬೇರೆ ಮಗಾ. ನಮ್ಮ ಫೀಲ್ಡನ್ನೇ ತಗೋ. ಎರಡು ವರ್ಷದ ಅನುಭವಾನ ಕನ್ಸಲ್ಟೆನ್ಸಿಯವರು ಏಳು ಅಂತ ರೆಸ್ಯೂಮೆಯಲ್ಲಿ ಹಾಕ್ತಾರೆ. ಹುಡುಗ ಬರ್ತಾನೆ, ಆರು ತಿಂಗಳಲ್ಲಿ ಕಲೀತಾನೆ, ಕೋಡ್ ಚೆನ್ನಾಗೇ ಓಡುತ್ತೆ. ಕ್ಲೈಂಟ್ ಖುಷಿ. ಯಾರಿಗೆ ಲಾಸು?”

ಅಷ್ಟೊತ್ತು ಸಬ್ಬಸಿಗೆ ಬಿಟ್ಟು ಬೇರೆ ಮಾತೇ ಆಡದಿದ್ದ ರಾಯಚೂರಿನವನು ಗ್ಲಾಸ್ ಕೆಳಗಿಟ್ಟ. “ನನ್ ತಮ್ಮಗ ಲಾಸು,” ಅಂದ. ತಮ್ಮ ಬಿಇ ಮುಗಿಸಿ ಬೆಂಗಳೂರಲ್ಲಿ ಪಿಜಿಯಲ್ಲಿದ್ದಾನೆ. ಎರಡು ವರ್ಷ ಅನುಭವ. ಎರಡು ಅಂತಲೇ ಬರೀತಾನೆ. ಇಂಟರ್‌ವ್ಯೂಗೆ ಕರೆಯೇ ಬರ್ತಿಲ್ಲ, ಯಾಕಂದ್ರೆ ಅದೇ ಕೆಲಸಕ್ಕೆ ಅದೇ ಎರಡು ವರ್ಷದ ಹುಡುಗರು ಏಳು ಅಂತ ಹಾಕಿರೋ ರೆಸ್ಯೂಮೆಗಳು ಮೇಲೆ ಕೂತಿವೆ. “ಅವನೂ ಏಳು ಅಂತ ಹಾಕ್ಲೇನು ಅಂತ ಕೇಳ್ಯಾನ. ನಾ ಏನ್ ಹೇಳ್ಬೇಕು ಹೇಳ್ರಿ?”

ಯಾರೂ ಏನೂ ಹೇಳಲಿಲ್ಲ.

ನಾನು ಹುಡುಕ್ತಿದ್ದ ಉತ್ತರ ಅವನ ಮಾತಿನಲ್ಲಿದೆ ಅಂತ ಈಗ ನನಗೆ ಅನ್ನಿಸುತ್ತೆ. ಮೋಸ ಅಂದ್ರೆ ನಾವು ಇಬ್ಬರನ್ನೇ ಲೆಕ್ಕ ಹಾಕ್ತೀವಿ, ಮಾರಿದವನು ಮತ್ತು ಕೊಂಡವನು. ಇಬ್ಬರೂ ಖುಷಿಯಾಗಿದ್ರೆ ಫೈಲ್ ಕ್ಲೋಸ್. ಆದರೆ ಅಲ್ಲಿ ಮೂರನೆಯವನು ಒಬ್ಬ ಇರ್ತಾನೆ, ನಿಜವಾಗ್ಲೂ ಕಾದವನು. ವಿಸ್ಕಿಯನ್ನ ಪೀಪಾಯಿಯಲ್ಲಿ ನಾಲ್ಕು ವರ್ಷ ಇಡೋದು ಅಂದ್ರೆ ನಾಲ್ಕು ವರ್ಷ ದುಡ್ಡು ಸಿಕ್ಕಿಹಾಕಿಕೊಂಡಿರುತ್ತೆ. ಮೇಲಾಗಿ ಕೆಂಟಕಿಯ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 3–4 ಆವಿಯಾಗಿ ಹೋಗುತ್ತೆ. ಅದನ್ನೆಲ್ಲ ಸಹಿಸಿ ಸಣ್ಣ ಡಿಸ್ಟಿಲರಿಯವನೊಬ್ಬ ತನ್ನದೇ ರೈ ಇಳಿಸಿ, ಕಾದು, ‘ಇದು ನಮ್ಮೂರಲ್ಲೇ ಮಾಡಿದ್ದು’ ಅಂತ ಬರೆದಾಗ, ಅದೇ ಸಾಲನ್ನ ಕಾಯದವನು ಪಕ್ಕದ ಕಪಾಟಿನಲ್ಲಿ ಬರೆದಿಟ್ರೆ ಇವನ ಸಾಲಿಗೆ ಬೆಲೆ ಹೋಗುತ್ತೆ. ಕುಡಿದವನಿಗೆ ನಷ್ಟ ಆಗದೇ ಇರಬಹುದು. ಕಾದವನ ಕಾಲವನ್ನ ಮಾತ್ರ ಕದ್ದ ಹಾಗೇ. ಅಮೆರಿಕದ ಕಾನೂನಿಗೆ ಇದು ಗೊತ್ತಿದೆ ಅನ್ಸುತ್ತೆ. ಬಾಟಲಿ ಮೇಲೆ ವಯಸ್ಸು ಬರೆಯೋದಾದ್ರೆ ಒಳಗೆ ಬೆರೆತಿರೋದ್ರಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸನ್ನೇ ಬರೀಬೇಕು. ಹತ್ತು ವರ್ಷದ್ದಕ್ಕೆ ಒಂದು ಲೋಟ ನಾಲ್ಕು ವರ್ಷದ್ದು ಬೆರೆಸಿದ್ರೂ ಅದು ನಾಲ್ಕೇ. ನಮ್ಮ ರೆಸ್ಯೂಮೆಗಳಿಗೂ ಇಂಥದ್ದೊಂದು ನಿಯಮ ಇದ್ದಿದ್ರೆ!

ಹಾಗಾದ್ರೆ ಲೇಬಲ್ ಮೇಲೆ ಕಥೆಯೇ ಇರಬಾರದಾ? ಇರಲಿ. ಓಲ್ಡ್ ಗ್ರ್ಯಾಂಡ್-ಡ್ಯಾಡ್ ಮೇಲೆ ಹಳೇ ಕಾಲದ ಬೇಸಿಲ್ ಹೇಡನ್ ಅವರ ಮುಖ ಇದೆ. ಅವರೇ ಬಂದು ನನ್ನ ಬಾಟಲಿ ತುಂಬಿಸಿದ್ರು ಅಂತ ಯಾರೂ ನಂಬಲ್ಲ. ಬುಲೆಟ್‌ನವರು ಇಂಡಿಯಾನಾದಿಂದ ರೈ ತರಿಸಿಕೊಳ್ಳೋದ್ರಲ್ಲೂ ತಪ್ಪಿಲ್ಲ. ಇಡ್ಲಿ ಹೋಟೆಲಿನವರು ಅಕ್ಕಿ ತಾವೇ ಬೆಳೀಬೇಕಾ? ನಾನು ಗೆರೆ ಎಳೆಯೋದು ಇಲ್ಲಿ: ಒಂದು ಮಾತು ಕೊಳ್ಳೋನ ನಿರ್ಧಾರ ಬದಲಾಯಿಸುವಂಥದ್ದಾಗಿದ್ದು, ಅದನ್ನ ಅವನು ತಾನಾಗಿ ಪರೀಕ್ಷಿಸೋಕೆ ಆಗಲ್ಲ ಅಂದ್ರೆ, ಆ ಮಾತು ನಿಜ ಇರಲೇಬೇಕು. ಇನ್ನೂ ಸುಲಭದ ಪರೀಕ್ಷೆ ಬೇಕಾ? ಮಾರೋನು ತನ್ನ ಕಥೆಯನ್ನೂ, ಅಸಲಿ ವಿಷಯವನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಅಕ್ಕಪಕ್ಕ ಅಚ್ಚು ಹಾಕಿಸೋಕೆ ತಯಾರಿದ್ದಾನಾ ನೋಡಿ. ತಯಾರಿದ್ರೆ ಅದು ಬರೀ ಕಥೆ, ಕೇಳಿ ಖುಷಿಪಡಿ. ಹಿಂಜರಿದ್ರೆ ಅದು ಸುಳ್ಳು.

ರಾಯಚೂರಿನವನ ತಮ್ಮನಿಗೆ ಏನು ಹೇಳಬೇಕು ಅನ್ನೋದಕ್ಕೆ ನನ್ನ ಹತ್ರ ಸುಲಭದ ಮಾತಿಲ್ಲ. ಎರಡು ಅಂತಲೇ ಬರಿ ಅನ್ನೋದು, ತಿಂಗಳ ಸಂಬಳ ಬರ್ತಿರೋ ನನಗೆ ಸಲೀಸು, ಪಿಜಿ ಬಾಡಿಗೆ ಕಟ್ಟಬೇಕಾದ ಅವನಿಗಲ್ಲ. ಆದರೆ ಆ ಭಾರ ಪೂರ್ತಿ ಅವನೊಬ್ಬನೇ ಹೊರಬೇಕು ಅನ್ನೋದನ್ನ ನಾನು ಒಪ್ಪಲ್ಲ. 1897ರ ಕಾನೂನು ಕೆಲಸ ಮಾಡಿದ್ದು ಭಟ್ಟಿಯವರೆಲ್ಲ ದಿಢೀರಂತ ಸತ್ಯಹರಿಶ್ಚಂದ್ರ ಆಗಿಬಿಟ್ರು ಅಂತಲ್ಲ. ಗೋದಾಮಿನ ಬೀಗ ಸರ್ಕಾರದ ಕೈಲಿತ್ತು, ನಿಜ ಹೇಳಿದವನ ಬಾಟಲಿ ಮೇಲೆ ಅದರ ಮುದ್ರೆ ಬೀಳ್ತಿತ್ತು. ನಿಜ ಹೇಳಿದವನು ಸೋಲದ ಹಾಗೆ ನೋಡ್ಕೊಳ್ಳೋದು ಉಳಿದವರ ಕೆಲಸ. ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರೋ ನಮ್ಮಂಥವರು ಏಳು ಅಂತ ಇರೋದನ್ನ ಕೆದಕಿ ಕೇಳಬಹುದು, ಎರಡು ಅಂತ ಇರೋದನ್ನ ಕೆಳಗೆ ಸರಿಸದೆ ಒಂದು ಸಲ ಕರೆದು ಮಾತಾಡಿಸಬಹುದು. ಆಲೆಮನೆಯ ಕಪ್ಪು ಬೆಲ್ಲ ತಗೊಳ್ಳೋಕೆ ಯಾರಾದ್ರೂ ಒಬ್ರು ಗಿರಾಕಿ ನಿಂತ್ರೆ ತಾನೇ ಮುಂದಿನ ವರ್ಷವೂ ಅವನು ಅದನ್ನೇ ಬೇಯಿಸೋದು.

ಅಂದ ಹಾಗೆ, ಮೂವತ್ತು ಡಾಲರ್ ಒಳಗೆ ಯಾವುದು ತಗೊಳ್ಳಲಿ ಅಂತ ಕೇಳೋರಿಗೆ: ಸಿಹಿ ಬೇಕಂದ್ರೆ ಇವಾನ್ ವಿಲಿಯಮ್ಸ್ ಬಿಳಿ ಲೇಬಲ್, ಖಾರ ಬೇಕಂದ್ರೆ ರಿಟನ್‌ಹೌಸ್. ಸಬ್ಬಸಿಗೆ ಸೊಪ್ಪು ಇಷ್ಟ ಇಲ್ದೋರು ಬುಲೆಟ್ ರೈ ತಂಟೆಗೆ ಹೋಗ್ಬೇಡಿ. ಯಾವುದೇ ತಗೊಂಡ್ರೂ ಮುಂದಿನ ಲೇಬಲ್ ಓದಿದ ಮೇಲೆ ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರವನ್ನೂ ಒಂದು ಸಲ ಓದಿ. ಯಾವ ರಾಜ್ಯದಲ್ಲಿ ಇಳಿಸಿದ್ದು ಅಂತ ಬರೆದಿದೆಯಾ ನೋಡಿ. ಅದರಿಂದ ರುಚಿ ಏನೂ ಬದಲಾಗಲ್ಲ.